ಶನಿವಾರ ಹೊರಟು ಶುಕ್ರವಾರ ತಲುಪೋ ಟ್ರಿಪ್

ನಮ್ಮ ರೂಮ್‌ಮೇಟ್ ಒಬ್ಬನ ಅಕ್ಕ ಆಕ್ಲೆಂಡ್‌ನಲ್ಲಿದ್ದಾರೆ. ಕಳೆದ ರಜೆಯಲ್ಲಿ ಫೋನ್ ಮಾಡಿ, "ನೀವೆಲ್ಲ ಇಂಜಿನಿಯರುಗಳಲ್ವೇನ್ರೋ, ರಾರೊಟೊಂಗಾಕ್ಕೆ ಐದು ರಾತ್ರಿಯ ಪ್ಲಾನ್ ಮಾಡಿಕೊಡಿ" ಅಂದರು. ಹೋಗೋದು ಅಕ್ಕ, ಭಾವ, ಆರು ವರ್ಷದ ಮಗಳು. ಭಾವನಿಗೆ ಈಜು ಬರಲ್ಲ. ನಾವು ಮೂವರು ಗೋಕರ್ಣ ಟ್ರಿಪ್ಪನ್ನೇ ನೆಟ್ಟಗೆ ಪ್ಲಾನ್ ಮಾಡಿದವರಲ್ಲ. ಆದರೂ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮುಂದೆ ಕೂತೆವು.

ರಾರೊಟೊಂಗಾ ಅಂದರೆ ಪಾಲಿನೇಷ್ಯಾದ ಕುಕ್ ದ್ವೀಪಗಳಲ್ಲಿ ಮುಖ್ಯವಾದದ್ದು. ಆಕ್ಲೆಂಡ್‌ನಿಂದ ವಿಮಾನದಲ್ಲಿ ಸುಮಾರು 4 ಗಂಟೆ. ಅಲ್ಲಿ ನ್ಯೂಜಿಲೆಂಡ್ ಡಾಲರೇ ನಡೆಯುತ್ತೆ, ಹಾಗಾಗಿ ದುಡ್ಡು ಬದಲಾಯಿಸೋ ತಲೆನೋವಿಲ್ಲ. (ಅವರದ್ದೇ ತ್ರಿಕೋನಾಕಾರದ 2 ಡಾಲರ್ ನಾಣ್ಯವೂ ಇದೆ. ನಮಗೊಂದು ತರಬೇಕು ಅಂತ ಹೇಳಿದ್ದೇವೆ.) ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2005ರಲ್ಲಿ ಫೆಬ್ರವರಿ, ಮಾರ್ಚ್ ಎರಡೇ ತಿಂಗಳಲ್ಲಿ ಐದು ಬಂದಿದ್ದವು. ಅದಕ್ಕೇ ಆಗಸ್ಟ್ ಆರಿಸಿದೆವು. ಅದೃಷ್ಟ ಇದ್ದರೆ ದಡದಿಂದಲೇ ತಿಮಿಂಗಿಲ ಕಾಣುತ್ತೆ.

ಮೊದಲ ಎಡವಟ್ಟು ತಾರೀಕಿನದು. ಶನಿವಾರ ಬೆಳಿಗ್ಗೆ 9ಕ್ಕೆ ಆಕ್ಲೆಂಡ್ ಬಿಟ್ಟರೆ ಮಧ್ಯಾಹ್ನ ತಲುಪ್ತಾರೆ ಅಂತ ಲೆಕ್ಕ ಹಾಕಿ, ಶನಿವಾರದಿಂದ ರೂಮ್ ಬುಕ್ ಮಾಡಿಸಿದೆವು. ಆದರೆ ನಡುವೆ ದಿನಾಂಕ ರೇಖೆ ಇದೆ. ಆಗಸ್ಟ್‌ನಲ್ಲಿ ನ್ಯೂಜಿಲೆಂಡ್ ಗಡಿಯಾರ ಗ್ರೀನಿಚ್‌ಗಿಂತ 12 ಗಂಟೆ ಮುಂದೆ, ರಾರೊಟೊಂಗಾದ್ದು 10 ಗಂಟೆ ಹಿಂದೆ. ಒಟ್ಟು 22 ಗಂಟೆ ವ್ಯತ್ಯಾಸ. ಅಂದರೆ ಅವರು ಇಳಿಯೋದು ಶುಕ್ರವಾರ ಮಧ್ಯಾಹ್ನ 3ಕ್ಕೆ! ಆರು ವರ್ಷದ ಮಗು ಕಟ್ಟಿಕೊಂಡು ಆ ರಾತ್ರಿ ಎಲ್ಲಿ ಮಲಗಬೇಕಿತ್ತು? ಕ್ಯಾನ್ಸಲ್ ಮಾಡೋ ಗಡುವು ಮುಗಿಯೋ ಮೊದಲೇ ಕಣ್ಣಿಗೆ ಬಿತ್ತು, ಬಚಾವಾದೆವು. ವಾಪಸ್ ಬರುವಾಗ ಇದೇ ಉಲ್ಟಾ. ಬುಧವಾರ ಸಂಜೆ 4ಕ್ಕೆ ಹೊರಟರೆ ಮನೆ ಊರು ಗುರುವಾರ ಸಂಜೆ 6ಕ್ಕೆ. ಭಾವ ಆಫೀಸಿಗೆ ಗುರುವಾರವೂ ರಜೆ ಹಾಕಬೇಕು. ಈ ರೇಖೆ ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. ಪಕ್ಕದ ಸಮೋವಾ ದೇಶ 2011ರಲ್ಲಿ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಹಾರಿಸಿ ರೇಖೆಯ ಈ ಕಡೆಗೆ ಬಂದುಬಿಟ್ಟಿತು.

ಓಡಾಟ ಸುಲಭ. ದ್ವೀಪದ ಸುತ್ತ 32 ಕಿ.ಮೀ. ರಸ್ತೆ, ಒಂದು ಬಸ್ಸು ಪ್ರದಕ್ಷಿಣೆ ಹಾಕುತ್ತೆ, ಇನ್ನೊಂದು ಅಪ್ರದಕ್ಷಿಣೆ. ತಪ್ಪು ಬಸ್ ಹತ್ತಿದರೂ ಕೊನೆಗೆ ಇಳಿಯಬೇಕಾದ ಜಾಗ ಬಂದೇ ಬರುತ್ತೆ.

ನಾವು ನಿಜವಾಗಿ ತಲೆ ಕೆಡಿಸಿಕೊಂಡಿದ್ದು ನೀರಿನ ವಿಷಯಕ್ಕೆ. ಫೋಟೋ ನೋಡಿದರೆ ಭಾವನೂ ಧೈರ್ಯವಾಗಿ ಇಳಿಯಬಹುದು ಅನ್ಸುತ್ತೆ. ದ್ವೀಪದ ಸುತ್ತ ಹವಳದ ರೀಫ್, ಅಲೆ ಎಲ್ಲಾ ಅಲ್ಲೇ ಒಡೆದು ಒಳಗಿನ ಲಗೂನ್ ನಮ್ಮೂರ ಕೆರೆ ಥರ ಶಾಂತ. ಆದರೆ ಒಡೆದ ಪ್ರತಿ ಅಲೆಯೂ ಒಂದಿಷ್ಟು ನೀರನ್ನು ಒಳಗೆ ಚೆಲ್ಲುತ್ತೆ. ಆ ನೀರು ಹೊರಗೆ ಹೋಗಬೇಕಲ್ಲ? ಬಂದ ದಾರಿಯಲ್ಲಿ ಹೋಗೋಕೆ ಮುಂದಿನ ಅಲೆ ಬಿಡಲ್ಲ. ಹಾಗಾಗಿ ದಡದ ಉದ್ದಕ್ಕೂ ಹರಿದು, ರೀಫಿನಲ್ಲಿ ಎಲ್ಲಿ ಸೀಳು ಇದೆಯೋ ಅಲ್ಲಿ ನುಗ್ಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಾಯಿಪಾಠ ಮಾಡಿದ ಕಂಟಿನ್ಯುಟಿ ಈಕ್ವೇಷನ್ ಇದೇ: ಜಾಗ ಕಿರಿದಾದಷ್ಟೂ ವೇಗ ಜಾಸ್ತಿ. ಹೊರಗೆ ಸಮುದ್ರ ಜೋರಾಗಿದ್ದರೆ, ಒಳಗೆ ಮೇಲ್ಮೈ ತಣ್ಣಗೆ ಕಂಡರೂ ಸೀಳಿನಲ್ಲಿ ಸೆಳೆತ ಭಯಂಕರ. ಇಳಿತದ ಹೊತ್ತಿನಲ್ಲಿ ಇನ್ನೂ ಹೆಚ್ಚು. ದಕ್ಷಿಣದ ಅವಾವರೋವಾ ಸೀಳಿನಲ್ಲಿ ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ.

ಸೀಳು ಎಲ್ಲಿರುತ್ತೆ ಅಂತ ಊಹಿಸಲೂಬಹುದು. ಸಿಹಿನೀರು, ಕೆಸರು ಇದ್ದಲ್ಲಿ ಹವಳ ಚೆನ್ನಾಗಿ ಬೆಳೆಯಲ್ಲ, ಆದ್ದರಿಂದ ಬೆಟ್ಟದ ಹೊಳೆ ಸಮುದ್ರ ಸೇರೋ ಜಾಗದ ಎದುರಿಗೆ ಸೀಳಿರೋದು ಸಾಮಾನ್ಯ. ಅಲ್ಲಿನ ಭಾಷೆಯಲ್ಲಿ ಸೀಳಿಗೆ 'ಅವಾ' ಅಂತಾರೆ. ರಾಜಧಾನಿ ಅವಾರುವಾ ಹೆಸರಲ್ಲೂ ಅದೇ ಇದೆ. ಶೀಟಿನಲ್ಲಿ ಭಾವನಿಗೆ ಕೆಂಪಕ್ಷರದಲ್ಲಿ ಬರೆದಿದ್ದು: ಮೂರಿ ಬೀಚಿನ ಆಳವಿಲ್ಲದ ಕಡೆ ಮಾತ್ರ, ಲೈಫ್ ಜಾಕೆಟ್ ಹಾಕಿಕೊಂಡೇ. ಉತ್ತರಕ್ಕೆ ಅವಾನಾ ಸೀಳಿದೆ, ಆ ಕಡೆ ಬೇಡ. ಇಳಿಯೋ ಮುಂಚೆ ಊರವರನ್ನ ಕೇಳಿ. ಸೆಳೆತಕ್ಕೆ ಸಿಕ್ಕರೆ ಎದುರು ಈಜಬೇಡಿ, ತೇಲುತ್ತಾ ಕೈ ಎತ್ತಿ ಕೂಗಿ. "ನನ್ನ ಹೆಸರಿಗೆ ಮಾತ್ರ ಇಷ್ಟುದ್ದ ಬರೆದಿದ್ದೀರಲ್ರೋ" ಅಂತ ಭಾವ ಬೈದರು. ಬೈಯಲಿ.

ಭಾನುವಾರ ಚರ್ಚಿನ ದಿನ, ಹೆಚ್ಚಿನ ಅಂಗಡಿಗಳು ಬಂದ್. ಅದಕ್ಕೆ ಶನಿವಾರ ಬೆಳಿಗ್ಗೆ ಅವಾರುವಾದ ಪುನಂಗಾ ನುಯಿ ಸಂತೆಯಲ್ಲಿ ಹಣ್ಣು, ತರಕಾರಿ ತಂದಿಟ್ಟುಕೊಳ್ಳಬೇಕು. ಅಕ್ಕ ಸಸ್ಯಾಹಾರಿ. ಹಸಿ ಮೀನಿನ ಇಕಾ ಮಾಟಾ ಅವರಿಗಾಗಲ್ಲ. ಆದರೆ ರುಕಾವು ಅಂತ ಒಂದಿದೆ, ಕೆಸುವಿನ ಎಲೆಯನ್ನ ತೆಂಗಿನ ಹಾಲಲ್ಲಿ ಬೇಯಿಸೋದು. ಪತ್ರೊಡೆ ತಿಂದು ಬೆಳೆದವರಿಗೆ ಅದೇನು ಕಷ್ಟ?

ಇನ್ನು ಉಳಿದಿರೋದು ಐಟುಟಾಕಿ. ಚಿಕ್ಕ ವಿಮಾನದಲ್ಲಿ ಮುಕ್ಕಾಲು ಗಂಟೆ ದೂರದ ಇನ್ನೊಂದು ದ್ವೀಪ. ಅಕ್ಕ ಹೋಗಲೇಬೇಕು ಅಂತಾರೆ, ಭಾವ ಟಿಕೆಟ್ ರೇಟ್ ನೋಡಿ ಸುಮ್ಮನಾಗಿದ್ದಾರೆ. ಸೋಮವಾರದ ಸಾಲು ಇನ್ನೂ ಖಾಲಿ ಬಿಟ್ಟಿದ್ದೇವೆ.