182 ವರ್ಷ ಹೆಸರಿಗಾಗಿ ಕಾದ ದುಂಬಿ

ಮಳೆಗಾಲದ ಇರುಳಿನಲ್ಲಿ ದೀಪದ ಸುತ್ತ ಬಂದು ಬೀಳುವ ಹುಳುಗಳ ನಡುವೆ, ನೀಳವಾದ ಮೈಯ, ಕೆಂಪು-ಕಪ್ಪು ಬಣ್ಣದ ಒಂದು ಸಣ್ಣ ಹುಳುವನ್ನು ವಾಚಕರು ಕಂಡಿರಬಹುದು. ಕೆಣಕಿದರೆ ಅದು ಚೇಳಿನಂತೆ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಮೈಮೇಲೆ ಅರೆದುಹೋದರೆ ಒಂದೆರಡು ದಿನಗಳಲ್ಲಿ ಚರ್ಮ ಸುಟ್ಟಂತೆ ಕೆಂಪಾಗಿ ಗುಳ್ಳೆಗಳೇಳುತ್ತವೆ. ನೋಡಲು ದುಂಬಿಯಂತಿಲ್ಲದಿದ್ದರೂ ಇದು ದುಂಬಿಯೇ. ಇಂಗ್ಲಿಷಿನವರು ರೋವ್ ಬೀಟಲ್ ಎನ್ನುವ ಈ ಕುಟುಂಬದಲ್ಲಿ ಮೇಲ್ರೆಕ್ಕೆಗಳು ಅಂಗಿಯ ತುಂಡು ತೋಳಿನಂತೆ ಗಿಡ್ಡವಾಗಿರುತ್ತವೆ. ಹಾರುವ ರೆಕ್ಕೆಗಳು ಅವುಗಳ ಕೆಳಗೆ ಮಡಚಿಕೊಂಡಿರುತ್ತವೆ. ಇದುವರೆಗೆ ಹೆಸರು ಪಡೆದಿರುವ ಪ್ರಭೇದಗಳೇ 60,000ಕ್ಕೂ ಹೆಚ್ಚು. ಹೆಚ್ಚಿನವು ಸೆಗಣಿ, ತರಗೆಲೆ, ಕೊಳೆತ ಅಣಬೆಗಳಲ್ಲಿ ಇತರ ಹುಳುಗಳನ್ನು ಬೇಟೆಯಾಡಿ ಬದುಕುವಂಥವು; ನಮಗೇನೂ ಕೇಡು ಮಾಡುವುದಿಲ್ಲ.

ಹೊಸ ಪ್ರಭೇದವೆಂದೊಡನೆ ದಟ್ಟಡವಿಯಲ್ಲಿ ಬಲೆ ಹಿಡಿದು ನಡೆಯುವ ಸಾಹಸಿಯ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಎಷ್ಟೋ ಪ್ರಭೇದಗಳು ದೊರೆಯುವುದು ವಸ್ತುಸಂಗ್ರಹಾಲಯದ ಪೆಟ್ಟಿಗೆಗಳಲ್ಲಿ.

1832ರಲ್ಲಿ ಬೀಗಲ್ ಹಡಗು ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾ ತೀರದಲ್ಲಿ ತಂಗಿದಾಗ, 23 ವರ್ಷದ ಚಾರ್ಲ್ಸ್ ಡಾರ್ವಿನ್ ಅಲ್ಲಿ ಇಂತಹ ಒಂದು ದುಂಬಿಯನ್ನು ಹಿಡಿದನು. ದುಂಬಿಗಳೆಂದರೆ ಅವನಿಗೆ ಎಳವೆಯಿಂದಲೂ ಹುಚ್ಚು. ಕೇಂಬ್ರಿಜಿನಲ್ಲಿದ್ದಾಗ ಎರಡು ಕೈಗಳಲ್ಲೂ ದುಂಬಿಗಳಿರಲಾಗಿ, ಮೂರನೆಯದನ್ನು ಹಿಡಿಯಲು ಒಂದನ್ನು ಬಾಯೊಳಗಿಟ್ಟುಕೊಂಡು, ಅದು ಸೂಸಿದ ಖಾರದ ರಸಕ್ಕೆ ನಾಲಿಗೆ ಸುಟ್ಟುಕೊಂಡ ಪ್ರಸಂಗವನ್ನು ಅವನೇ ಬರೆದಿದ್ದಾನೆ. ಬಾಹಿಯಾ ಬ್ಲಾಂಕಾದ ದುಂಬಿ ಲಂಡನ್ನಿನ ಸಂಗ್ರಹಾಲಯವನ್ನೇನೋ ಸೇರಿತು. ಬಳಿಕ ಎಲ್ಲಿಯೋ ಮರೆಯಾಗಿ, ದಶಕಗಳ ಕಾಲ ಕಳೆದುಹೋಯಿತೆಂದೇ ಎಣಿಸಲ್ಪಟ್ಟಿತ್ತು.

ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಚಟ್ಟನೂಗಾ ಶಾಖೆಯ ಸ್ಟೈಲಿಯಾನೋಸ್ ಚಾಟ್ಜಿಮನೋಲಿಸ್ ಎಂಬ ಕೀಟಶಾಸ್ತ್ರಜ್ಞರು ಲಂಡನ್ನಿನಿಂದ ಎರವಲು ತರಿಸಿಕೊಂಡ, ವಿಂಗಡಿಸದ ಮಾದರಿಗಳ ನಡುವೆ ಅದು ಮತ್ತೆ ಬೆಳಕಿಗೆ ಬಂದಿತು. ಸೂಜಿಗೆ ಚುಚ್ಚಿದ ಚೀಟಿಯೇ ಅದರ ಊರನ್ನೂ ಹಿಡಿದವನನ್ನೂ ಹೇಳಿತು. ಶಾಲೆಯ ಕಪಾಟುಗಳಲ್ಲಿ ಚೀಟಿಯಿಲ್ಲದೆ ಕುಳಿತ ಬಾಟಲಿಗಳನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಹೊಸದೆಂದು ಬಾಯಿಮಾತಿನಲ್ಲಿ ಸಾರಿದರೆ ಶಾಸ್ತ್ರ ಒಪ್ಪುವುದಿಲ್ಲ. ಹತ್ತಿರದ ಬಂಧುಗಳೆಲ್ಲವನ್ನೂ ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಹೋಲಿಸಬೇಕು. ಹೊರನೋಟಕ್ಕೆ ಒಂದೇ ತೆರನಾಗಿರುವ ಪ್ರಭೇದಗಳನ್ನು ಎಷ್ಟೋ ವೇಳೆ ಗಂಡಿನ ಜನನಾಂಗದ ಆಕಾರದಿಂದಲೇ ಬೇರ್ಪಡಿಸಬೇಕಾಗುತ್ತದೆ. ಒಂದು ಮಾದರಿಯನ್ನು ಆ ಹೆಸರಿನ ಶಾಶ್ವತ ಆಧಾರವೆಂದು ನೇಮಿಸಿ, ವಿವರಣೆಯನ್ನು ಅಚ್ಚು ಮಾಡಿಸಬೇಕು. ಈ ದುಂಬಿಯ ತಲೆಗೆ ಲೋಹದಂಥ ನೀಲಿ-ಹಸಿರು ಹೊಳಪು. ಮೀಸೆಗಳಿಗೆ ಗರಗಸದಂತಹ ಹಲ್ಲುಗಳು. ಈ ಲಕ್ಷಣಗಳು ಗೊತ್ತಿದ್ದ ಯಾವ ಕುಲಕ್ಕೂ ಒಗ್ಗದ್ದರಿಂದ ಹೊಸ ಕುಲವನ್ನೇ ಕಲ್ಪಿಸಬೇಕಾಯಿತು. ಹೀಗೆ 2014ರ ಫೆಬ್ರುವರಿ 12ರಂದು, ಡಾರ್ವಿನ್ನನ ಜನ್ಮದಿನದಂದೇ, ಡಾರ್ವಿನಿಲಸ್ ಸೆಡಾರಿಸಿ ಎಂಬ ಹೆಸರು ಪ್ರಕಟವಾಯಿತು. ಮೊದಲರ್ಧ ಹಿಡಿದವನಿಗೆ ಸಂದ ಗೌರವ. ಎರಡನೆಯದು ಡೇವಿಡ್ ಸೆಡಾರಿಸ್ ಎಂಬ ಹಾಸ್ಯಲೇಖಕನದು; ಮಾದರಿಗಳನ್ನು ಸಿದ್ಧಪಡಿಸುವಾಗ ಅವನ ಪುಸ್ತಕಗಳ ಧ್ವನಿಮುದ್ರಣ ಕೇಳುವುದು ಆ ವಿದ್ವಾಂಸರ ಅಭ್ಯಾಸವಾಗಿತ್ತಂತೆ!

ವಿವರಣೆಗೆ ಒದಗಿದ್ದು ಎರಡೇ ಮಾದರಿಗಳು. ಎರಡನೆಯದು ರಿಯೊ ಕ್ವಾರ್ಟೊ ಎಂಬಲ್ಲಿ 1935ಕ್ಕೆ ಮುಂಚೆ ಹಿಡಿದದ್ದು; ಈಗ ಬರ್ಲಿನ್ನಿನಲ್ಲಿದೆ. ಇತರ ಸಂಗ್ರಹಾಲಯಗಳಲ್ಲಿ ಹುಡುಕಿಸಿದರೂ ಮೂರನೆಯದು ದೊರೆಯಲಿಲ್ಲ. ಆ ಎರಡು ಊರುಗಳ ನಡುವಣ ನೆಲದ ಬಹುಭಾಗ ಈ ನಡುವೆ ಉತ್ತು ಬಿತ್ತುವ ಹೊಲವಾಗಿಹೋಗಿದೆ. ಹೆಸರಿಟ್ಟ ಹೊತ್ತಿಗೆ ಆ ದುಂಬಿ ಭೂಮಿಯ ಮೇಲೆ ಇನ್ನೂ ಉಳಿದಿತ್ತೇ ಎಂಬ ಪ್ರಶ್ನೆಗೆ ಹೆಸರಿಟ್ಟವರ ಬಳಿಯೂ ಉತ್ತರವಿರಲಿಲ್ಲ.