ಅಂಜುವ ಬೆಕ್ಕಿಗೆ ತಾಳ್ಮೆಯ ಮನೆ

ಪ್ರಾಣಿಗಳ ಆಶ್ರಯತಾಣಕ್ಕೆ ಬೆಕ್ಕನ್ನು ತರಲು ಹೋದವರು ಸಾಮಾನ್ಯವಾಗಿ ತಾನಾಗಿ ಮಡಿಲೇರುವ ಮರಿಯನ್ನೇ ಆರಿಸುತ್ತಾರೆ. ಮೂಲೆಯಲ್ಲಿ ಮುದುಡಿ ಕುಳಿತದ್ದು ಅಲ್ಲಿಯೇ ಉಳಿಯುತ್ತದೆ. ಬೆಕ್ಕಿನ ಮರಿ ಮನುಷ್ಯರನ್ನು ನಂಬಲು ಕಲಿಯುವ ಮುಖ್ಯ ಕಾಲ ಹುಟ್ಟಿದ 2ರಿಂದ 7ನೆಯ ವಾರ. ಆಗ ಮನುಷ್ಯರ ಸ್ಪರ್ಶ ದೊರೆಯದಿದ್ದರೆ ಅಂಜಿಕೆ ಬಹುಕಾಲ ಉಳಿಯುತ್ತದೆ.

ಇಂಥ ಬೆಕ್ಕಿಗೆ ಮೊದಲು ಗದ್ದಲವಿಲ್ಲದ ಒಂದು ಕೋಣೆ ಬೇಕು; ಮಕ್ಕಳು ಓಡಾಡುವ ಪಡಸಾಲೆ ಸಲ್ಲದು. ಅಡಗಲು ರಟ್ಟಿನ ಪೆಟ್ಟಿಗೆ, ನೀರು, ಆಹಾರ, ಅವುಗಳಿಂದ ದೂರದಲ್ಲಿ ಮರಳಿನ ತಟ್ಟೆ ಇರಲಿ. ಅದನ್ನು ಎಳೆದು ಎತ್ತಿಕೊಳ್ಳಬಾರದು. ದಿನವೂ ಅದೇ ಹೊತ್ತಿಗೆ ಆಹಾರವಿಟ್ಟು, ನೆಲದ ಮೇಲೆ ಮೌನವಾಗಿ ಕುಳಿತು, ದಿಟ್ಟಿಸದೆ ಮೆಲ್ಲನೆ ಕಣ್ಣು ಮುಚ್ಚಿ ತೆರೆಯುತ್ತಿದ್ದರೆ ಸಾಕು. ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆದರೆ ಇಡೀ ದಿನ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕಾಣಬೇಕು. ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಎರವಾಗಬಹುದು.

ಸದ್ಭಕ್ತರಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ಹಾಲು ಅನ್ನವೊಂದರಿಂದಲೇ ಬೆಕ್ಕು ಆರೋಗ್ಯವಾಗಿರಲಾರದು. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ದೊರೆಯದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. (ಇಲಿ ಹಿಡಿದು ತಿನ್ನುವ ಹಳ್ಳಿಯ ಬೆಕ್ಕಿನ ಮಾತು ಬೇರೆ.) ಅದಕ್ಕೆ ತಕ್ಕ ಆಹಾರವನ್ನು ಮನೆಯೊಳಗೆ ತರಲು ಮನಸ್ಸು ಒಪ್ಪದವರು ಬೆಕ್ಕನ್ನು ತಾರದಿರುವುದೇ ದಯೆಯೆಂದು ನಾವು ಭಾವಿಸುತ್ತೇವೆ.

ಕರೆತರುವ ಮುನ್ನ ರೇಬೀಸ್ ಲಸಿಕೆ ಆಗಿದೆಯೇ ಎಂದು ವಿಚಾರಿಸಿರಿ. ಅಂಜಿದ ಬೆಕ್ಕು ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.