ಸಂಡಿಗೆ ಕಾಯುತ್ತಾ ಹಕ್ಕಿ ಎಣಿಸಿ

ಹಕ್ಕಿ ಎಣಿಸುವುದೂ ಒಂದು ಕೆಲಸವೇ ಅಂತ ನಗಬೇಡಿ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಬಂದೂಕು ಹಿಡಿದು ಹಕ್ಕಿ ಹೊಡೆಯುವ ಪಂದ್ಯ ರೂಢಿಯಲ್ಲಿತ್ತು. ಹೊಡೆಯುವ ಬದಲು ಎಣಿಸೋಣ ಬನ್ನಿ ಎಂದು 1900ರಲ್ಲಿ ಕರೆದವರು ಫ್ರ್ಯಾಂಕ್ ಚಾಪ್‌ಮನ್. ಆ ವರ್ಷ ಬಂದವರು 27 ಮಂದಿ, ಅಷ್ಟೇ.

ನಮ್ಮ ದೇಶದಲ್ಲಿ ಜನವರಿಯ ನೀರುಹಕ್ಕಿ ಗಣತಿ 1987ರಲ್ಲಿ ಶುರುವಾಯಿತು. ಚಳಿಗಾಲದ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಿಂತರೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ ಎಲ್ಲವೂ ಕಣ್ಣೆದುರಿಗೇ! ಊರಾಚೆ ಹದಿನಾರು ಕೆರೆಗಂತೂ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ನಾವೋ, ತವರಿಗೆ ಹೋಗಲು ಬಸ್ಸು ಸಿಗಲಿಲ್ಲ ಅಂತ ಗೊಣಗುತ್ತೇವೆ!

ಕೆರೆಗೆ ಹೋಗುವಷ್ಟು ಪುರುಸೊತ್ತು ಎಲ್ಲಿದೆ ಅಂತೀರಾ? ಫೆಬ್ರವರಿ ನಡುವಿನ ನಾಲ್ಕು ದಿನ ಮನೆಯಂಗಳದ ಹಕ್ಕಿ ಎಣಿಕೆ ಇರುತ್ತದೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದಕ್ಕೆ 2013ರಿಂದ ಭಾರತವೂ ಸೇರಿದೆ. ತಾರಸಿಯ ಮೇಲೆ ಸಂಡಿಗೆ ಒಣಹಾಕಿ ಕಾಗೆ ಕಾಯುವ ಕಾಲವೂ ಅದೇ ತಾನೆ? ಅಲ್ಲೇ ಕನಿಷ್ಠ 15 ನಿಮಿಷ ಕುಳಿತು, ಕಂಡ ಹಕ್ಕಿಯ ಹೆಸರು, ಸಂಖ್ಯೆ, ಹೊತ್ತು ಬರೆದುಕೊಂಡರಾಯಿತು. ಗಿಳಿಗಳ ಹಿಂಡು ಹಾರಿಹೋದರೆ ಗಾಬರಿ ಬೇಡ. ಮೊದಲ ಹತ್ತನ್ನು ಎಣಿಸಿ, ಅಂಥ ಹತ್ತು ಎಷ್ಟಿದ್ದಾವು ಅಂತ ಅಂದಾಜು ಮಾಡಿ. ಅದೇ ಗೊರವಂಕ ಮತ್ತೆ ಮತ್ತೆ ಬಂದರೆ ಲೆಕ್ಕ ಒಂದೇ. ಗುರುತು ಸಿಗದ್ದನ್ನು ಊಹಿಸಿ ಬರೆಯಬಾರದು. ಪಟ್ಟಿಯನ್ನು ಮೊಬೈಲಿನ ಈ-ಬರ್ಡ್‌ಗೆ ಏರಿಸಲು ಮನೆಯ ಮಕ್ಕಳೇ ಸಾಕು.

ಕಾಗೆ, ಗುಬ್ಬಚ್ಚಿ ಬರೆಯುವುದೇನು ಮಹಾ ಅಂತ ಬಿಟ್ಟುಬಿಡುವವರೇ ಹೆಚ್ಚು. ನನ್ನನ್ನು ಕೇಳಿದರೆ ಬರೆಯಬೇಕಾದ್ದು ಅವನ್ನೇ. ಇಂಥ ಸಾಮಾನ್ಯರ ಪಟ್ಟಿಗಳನ್ನೇ ಆಧರಿಸಿ 2020ರಲ್ಲಿ ದೇಶದ ಹಕ್ಕಿಗಳ ಸ್ಥಿತಿಯ ವರದಿ ಬಂತು. ಗುಬ್ಬಚ್ಚಿ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ, ಬೆಂಗಳೂರು, ಚೆನ್ನೈನಂಥ ದೊಡ್ಡ ನಗರಗಳಲ್ಲಿ ಮಾತ್ರ ಇಳಿಮುಖ ಎಂದು ತಿಳಿದದ್ದು ಆಗಲೇ. 2023ರ ವರದಿಯಲ್ಲಿ ಪರಿಶೀಲಿಸಿದ 942 ಬಗೆಯ ಹಕ್ಕಿಗಳಲ್ಲಿ 178ರ ರಕ್ಷಣೆಗೆ ಮೊದಲ ಗಮನ ಬೇಕೆಂದು ಕಂಡಿತು.

ದೊಡ್ಡ ಊರುಗಳಲ್ಲಿ ಎಣಿಸುವವರು ಬೇಕಾದಷ್ಟಿದ್ದಾರೆ. ನಮ್ಮ ನಿಮ್ಮ ತಾಲ್ಲೂಕಿನ ಊರುಗಳಿಂದ ಹೋಗುವ ಪಟ್ಟಿ ಕಡಿಮೆ. ಹಿತ್ತಿಲಿನ ಬಾವಿಕಟ್ಟೆಗೆ ಬರುತ್ತಿದ್ದ ಗುಬ್ಬಿ ಹತ್ತಿದ್ದದ್ದು ಎರಡಾದರೆ, ಅದನ್ನು ಬರೆದಿಡಲು ಅಲ್ಲಿರುವವರು ನೀವೊಬ್ಬರೇ. ಈ ಫೆಬ್ರವರಿಗೆ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆ ಖಾಲಿ ಬಿಟ್ಟಿರಿ.